ಸುಭಾಸ ಸರ್ ಓಣಿಯ ಸೇರು ತೂಗಿದ್ದು

ನಮ್ಮ ಓಣಿಯಲ್ಲಿ ವಿಜ್ಞಾನಿ ಅಂತ ಇರುವವರು ಒಬ್ಬರೇ, ಸುಭಾಸ ಸರ್. ಬೈಲಹೊಂಗಲದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿ ನೌಕರಿ ಮುಗಿಸಿದವರು. ಗಾಜಿನ ನಳಿಕೆ ತೊಳೆಯುವುದು, ತಕ್ಕಡಿ ಒರೆಸುವುದು, ಹುಡುಗರು ಒಡೆದ ಬೀಕರಿನ ಚೂರು ಗುಡಿಸುವುದು ಅವರ ಕೆಲಸ. ಆದರೆ ಜೀವಮಾನವೆಲ್ಲ ತಕ್ಕಡಿ ಒರೆಸಿದ ಮನುಷ್ಯನಿಗೆ ತೂಕದ ಮೇಲೆ ಒಂದು ಹಕ್ಕು ಹುಟ್ಟಿಬಿಡುತ್ತದೆ. ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗ ಎರಡನೆಯ ಚಮಚ ಸಕ್ಕರೆಗೆ ಕೈ ಅಡ್ಡ ಹಿಡಿದು "ಸಾಕ್ರಿ, ಸ್ಯಾಚುರೇಟೆಡ್ ಆತು" ಅನ್ನುತ್ತಾರೆ. ನಿವೃತ್ತಿಯ ದಿನ ಕಾಲೇಜಿನವರು ಶಾಲು ಹೊದಿಸಿ ಕಳಿಸಿದರು. ಸರ್ ಎಲ್ಲವನ್ನೂ ಒಪ್ಪಿಸಿ ಬಂದರೂ ಕೊರಳಿನ ಗುರುತಿನ ಕಾರ್ಡು ಮಾತ್ರ ಒಪ್ಪಿಸಲಿಲ್ಲ. ಮುಂದೆ ಆದ ಗದ್ದಲದಲ್ಲಿ ಆ ಕಾರ್ಡಿನ ಪಾಲು ದೊಡ್ಡದು, ಆದ್ದರಿಂದ ಮೊದಲೇ ಹೇಳಿಟ್ಟೆ.

ಇಂಥ ವಿಜ್ಞಾನಿಯ ಮಗಳ ಮದುವೆಯಲ್ಲಿ ಅನ್ನ ಕಡಿಮೆ ಬಿತ್ತು.

ಆದದ್ದು ಇಷ್ಟೇ. ಮುರಗೋಡದ ಅಮೋಘಸಿದ್ದಪ್ಪ ನಮ್ಮ ಕಡೆಯ ಮದುವೆ ಮುಂಜಿಗಳಿಗೆಲ್ಲ ಅಡುಗೆ ಮಾಡುವವನು. ಇಷ್ಟು ಸೇರು ಅಕ್ಕಿ ತಂದಿಡಿ ಎಂದು ಅವನು ಹೇಳಿದ್ದ. ಅಂಗಡಿಯಲ್ಲಿ ಅಕ್ಕಿ ಕೊಡುವುದು ಕಿಲೋ ಲೆಕ್ಕದಲ್ಲಿ. ಸರ್ ಒಂದು ಕ್ಷಣವೂ ಯೋಚಿಸದೆ ಸೇರೆಂದರೆ ಕಿಲೋ ಎಂದು ತೀರ್ಮಾನಿಸಿ ಅಷ್ಟೇ ಕಿಲೋ ತಂದರು. ಸೇರು ಎಂದರೆ ಪಾತ್ರೆಯ ಅಳತೆ. ಅದರ ಬಾಯಿಯ ಮೇಲೆ ಅಕ್ಕಿ ಗುಡ್ಡೆಯಾಗಿ ನಿಲ್ಲುತ್ತದೆ. ಆ ಗುಡ್ಡೆಗಳನ್ನೆಲ್ಲ ಸರ್ ಅಂಗಡಿಯಲ್ಲೇ ಬಿಟ್ಟು ಬಂದಂತಾಯಿತು. ಕಡೆಯ ಪಂಕ್ತಿಗೆ ಕೂತವರು ಬೇರೆ ಯಾರೂ ಅಲ್ಲ, ಗಂಡಿನ ತಾಯಿ ಸಾಲಹಳ್ಳಿಯ ಬಾಳವ್ವ ಮತ್ತು ಅವರ ಕಡೆಯ ಹೆಣ್ಣುಮಕ್ಕಳು. ಎಲೆಗೆ ಹೋಳಿಗೆ ಬಂತು, ಕಟ್ಟಿನ ಸಾರು ಬಂತು, ಸಾರನ್ನು ತಡೆದು ನಿಲ್ಲಿಸುವ ಅನ್ನ ಬರಲಿಲ್ಲ. ಸಾರು ಎಲೆಯಿಂದ ಇಳಿದು ನಿಧಾನವಾಗಿ ಹೋಗಿ ಬಾಳವ್ವನವರ ಹೊಸ ಇಳಕಲ್ ಸೀರೆಯ ಸೆರಗು ಮುಟ್ಟಿತು.

ಬಾಳವ್ವ ಅಲ್ಲಿ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಫೋನ್ ಮಾಡಿದಾಗೆಲ್ಲ ಮಾತು ಮುಗಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. "ಉಂಡ್ರೇನ್ರಿ ಅಕ್ಕಾರ? ಅನ್ನ ಇತ್ತಿಲ್ಲೊ?"

ಸರ್ ಅವರ ಹೆಂಡತಿ ಅನ್ನಪೂರ್ಣಕ್ಕನಿಗೆ ಈ ಪ್ರಶ್ನೆ ಕೇಳಿದ ದಿನ ಊಟ ಸೇರುತ್ತಿರಲಿಲ್ಲ. ಮಗಳ ಮದುವೆಯಾದ ಮೇಲೆ ಆಕೆ ಒಮ್ಮೆಯೂ ಸಾಲಹಳ್ಳಿಯ ಹೊಸ್ತಿಲು ತುಳಿಯಲಿಲ್ಲ. ಈಗ ಮಗಳು ಮೀನಾ ತವರಿಗೆ ಬಂದು ಗಂಡುಮಗು ಹೆತ್ತಿದ್ದಳು. ತೊಟ್ಟಿಲ ಕಾರ್ಯ ಮುಗಿದ ಮೇಲೆ ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೋಗಿ ಬಿಟ್ಟುಬರಬೇಕಾದವಳು ತಾಯಿಯೇ. ಕಾರ್ಯದ ದಿನ ಗೊತ್ತಾದ ಕೂಡಲೇ ಆಕೆ ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

"ಇಲ್ಲಿ ಕೇಳ್ರಿ. ಈ ಸಲಾನೂ ಅನ್ನ ಕಡಿಮಿ ಬಿತ್ತಂದ್ರ ಕೂಸಿನ್ನ ಕರಕೊಂಡ ನೀವ ಒಬ್ಬರ ಹೋಗ್ರಿ. ನಾ ಮಾತ್ರ ಆ ಮನಿ ಹೊಸ್ತಲಾ ಹಾಯಾಂಗಿಲ್ಲ. ಮೊಮ್ಮಗನ್ನ ಫೋನಿನ್ಯಾಗ ನೋಡ್ತೇನಿ."

ಇದೆಲ್ಲ ಗೋಡೆಯಾಚೆ ಇದ್ದ ನಮಗೆ ಕೇಳಿಸಿತು. ನಮ್ಮೆರಡು ಮನೆಗೂ ಗೋಡೆ ಒಂದೇ. ಕದ್ದು ಕೇಳುವ ಕಷ್ಟ ನಮಗಿಲ್ಲ.

ಸರ್ ಮರುದಿನವೇ ಆನ್‌ಲೈನಿನಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದರು. ಅದು ಬಂದ ದಿನ ನಮ್ಮನ್ನೆಲ್ಲ ಕರೆದು ಅದರ ಮೇಲೆ ಮೊದಲು ಒಂದು ಲವಂಗ ಇಟ್ಟು ತೋರಿಸಿದರು. ತಕ್ಕಡಿಗೆ ಲವಂಗ ಗೊತ್ತಾಗಲಿಲ್ಲ. "ಲವಂಗಕ್ಕ ತೂಕಾ ಇಲ್ಲಂತ ತಿಳೀತು," ಎಂದರು.

ಆಮೇಲೆ ಮನೆಯ ಹಿತ್ತಾಳೆ ಸೇರನ್ನು ತರಿಸಿದರು. ಅನ್ನಪೂರ್ಣಕ್ಕ ಎಂದಿನಂತೆ ಸೇರು ತುಂಬಿ, ಗುಡ್ಡೆ ನಿಲ್ಲಿಸಿ, ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ಮೂಲೆಯ ಗಡಿಗೆಗೆ ಹಾಕಿದಳು. ನಮ್ಮ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಅಳೆದಾಗೆಲ್ಲ ಮಠಕ್ಕೆ ಒಂದು ಹಿಡಿ ತೆಗೆದಿಡುವುದು ರೂಢಿ. ಸರ್ ಆ ರೂಢಿಯನ್ನು ಅಂದೇ ಮೊದಲ ಬಾರಿಗೆ ನೋಡಿದವರಂತೆ ಹೌಹಾರಿದರು.

"ಅಲ್ಲಾ, ಈ ಹಿಡಿ ಲೆಕ್ಕದಾಗ ಐತೊ, ಇಲ್ಲೊ?"

"ಅದು ಮಠದ್ರಿ."

"ಮಠದ್ದ ಆದ್ರೂ ತೂಕಾ ಐತಲ್ಲ."

"ಮಠದ ಅಕ್ಕಿ ಯಾರ ತೂಗತಾರ್ರಿ? ನಾಲಿಗಿ ಬಿಗಿ ಹಿಡೀರಿ."

ಸರ್ ಸೇರನ್ನು ಮತ್ತೆ ಮತ್ತೆ ತುಂಬಿಸಿ ತೂಗಿದರು. ಒಮ್ಮೆ ಬಂದ ತೂಕ ಇನ್ನೊಮ್ಮೆ ಬರಲಿಲ್ಲ. ಗುಡ್ಡೆ ಒಂದು ಸಲ ಎತ್ತರ, ಒಂದು ಸಲ ಕುಳ್ಳು. ಹೆಂಡತಿಯ ಹಿಡಿ ಸಿಟ್ಟು ಬಂದಂತೆ ದೊಡ್ಡದಾಗುತ್ತ ಹೋಯಿತು. ಕೊನೆಗೆ ಅಮೋಘಸಿದ್ದಪ್ಪನಿಗೇ ಫೋನ್ ಹಚ್ಚಿ ಅವನ ಸೇರು ತೂಗಿ ಹೇಳು ಎಂದರು.

"ನನ್ನ ಸೇರ ಹೋದ ವರ್ಷನ ಎಲ್ಲೋ ಕಳೀತ್ರಿ ಸರ್," ಎಂದ ಅವನು. "ಈಗ ಎಣ್ಣಿ ಡಬ್ಬಿ ಕೊಯ್ದ ಒಂದ ಮಾಡಕೊಂಡೇನಿ."

"ಅದರಾಗ ಎಷ್ಟ ಹಿಡಿತೈತಿ?"

"ಒಂದ ಸೇರ ಹಿಡಿತೈತ್ರಿ."

ಇಂಥ ಉತ್ತರಕ್ಕೆ ಯಾವ ಕಾಲೇಜಿನಲ್ಲೂ ಮರುಪ್ರಶ್ನೆ ಇರಲಾರದು. ಸರ್ ಒಂದು ರಾತ್ರಿ ಮಲಗದೆ ಯೋಚಿಸಿ, ಓಣಿಯ ಎಲ್ಲ ಮನೆಗಳ ಸೇರು ತೂಗಿ ಸರಾಸರಿ ತೆಗೆಯುವುದು ಎಂದು ನಿರ್ಧರಿಸಿದರು. ಜೊತೆಗೆ ಒಂದು ಹೊತ್ತಿಗೆ ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಎಷ್ಟು ಸೇರು ಹಾಕುತ್ತಾರೆ ಎಂದೂ ಕೇಳುವುದು. ಆಗ ಒಬ್ಬ ಮನುಷ್ಯನಿಗೆ ಎಷ್ಟು ಗ್ರಾಂ ಎಂಬುದು ಖಚಿತವಾಗಿ ಸಿಗುತ್ತದೆ. ಅನ್ನಪೂರ್ಣಕ್ಕ ಒಂದೇ ಮಾತು ಹೇಳಿ ಕಳಿಸಿದಳು. "ಯಾಕ ತೂಗತೀರಿ ಅಂತ ಯಾರರ ಕೇಳಿದ್ರ ಲಗ್ನದ ಅನ್ನದ ಸುದ್ದಿ ತಗೀಬ್ಯಾಡ್ರಿ. ಮರ್ಯಾದಿ ಉಳೀಲಿ."

ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಗೆ ಪೆನ್ನು ಸಿಕ್ಕಿಸಿ, ಕೊರಳಿಗೆ ಕಾಲೇಜಿನ ಕಾರ್ಡು ನೇತುಹಾಕಿಕೊಂಡು, ಬಗಲಲ್ಲಿ ತಕ್ಕಡಿ ಹಿಡಿದು ಹೊರಬಿದ್ದರು. ಆ ವಾರ ಓಣಿಯ ಮೊಬೈಲುಗಳ ತುಂಬ ಒಂದೇ ಸುದ್ದಿ ಓಡಾಡುತ್ತಿತ್ತು, ಮನೆ ಮನೆಗೆ ಬಂದು ನೋಡಿ ರೇಷನ್ ಕಾರ್ಡು ತೆಗೆಯುತ್ತಾರಂತೆ ಎಂದು. ಯಾವ ಗಣತಿ ಬಂದರೂ ಸರ್ಕಾರ ಮಾಸ್ತರರನ್ನು ಕಳಿಸುವುದು ಎಲ್ಲರಿಗೂ ಗೊತ್ತು. ನಿವೃತ್ತರನ್ನು ಕಳಿಸುವುದಿಲ್ಲ ಎಂದು ಯಾರು ಹೇಳಿದ್ದಾರೆ?

ಮೊದಲ ಮನೆ ಬೀರಪ್ಪನದು. ಅವನು ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದ. ನಾನು ಎದುರಿಗೆ ಸೈಕಲ್ ಒರೆಸುತ್ತಿದ್ದೆ, ಹೀಗಾಗಿ ಒಂದು ಅಕ್ಷರವೂ ತಪ್ಪಲಿಲ್ಲ.

"ಬೀರಪ್ಪಣ್ಣಾ, ನಿಮ್ಮನ್ಯಾಗ ಒಂದ ಹೊತ್ತಿಗೆ ಎಷ್ಟ ಸೇರ ಅಕ್ಕಿ ಹಾಕತೀರಿ?"

ಬೀರಪ್ಪ ಕಾರ್ಡು ನೋಡಿದ, ಪೆನ್ನು ನೋಡಿದ, ತಕ್ಕಡಿ ನೋಡಿದ. ಬಾಯಲ್ಲಿದ್ದ ಪೇಸ್ಟನ್ನು ನುಂಗಿದ. "ಯಾಕ್ರಿ ಸರ್?"

"ಮ್ಯಾಲಿನವರ ಆದೇಶ ಐತಿ," ಎಂದರು ಸರ್. ಅವರ ಮಟ್ಟಿಗೆ ಅನ್ನಪೂರ್ಣಕ್ಕನಿಗಿಂತ ಮೇಲಿನವರು ಯಾರೂ ಇಲ್ಲ, ಆದ್ದರಿಂದ ಇದು ಸುಳ್ಳಲ್ಲ.

"ಎರಡ ಸೇರ ಹಾಕತೇವ್ರಿ."

"ನಾಕ ಮಂದಿಗೆ ಎರಡ ಸೇರ?"

"ಒಮ್ಮೊಮ್ಮೆ ಸಾಲೂದಿಲ್ರಿ."

"ಮತ್ತ ರೊಟ್ಟಿ?"

"ರೊಟ್ಟಿ ಅಂದ್ರ?" ಎಂದ ಬೀರಪ್ಪ.

ಒಳಗಿನಿಂದ ಪಟಪಟ ಪಟಪಟ ಎಂದು ಜೋಳದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬೈಲಹೊಂಗಲದಲ್ಲಿ ಹುಟ್ಟಿದ ಕೂಸು ಆ ಸಪ್ಪಳಕ್ಕೇ ನಿದ್ದೆ ಮಾಡುತ್ತದೆ. ಸರ್ ಕಿವಿಗೊಟ್ಟರು. "ಒಳಗೇನ ಸಪ್ಪಳ ಅದು?"

"ನಮ್ಮಕಿ ಅರಿವಿ ಒಗ್ಯಾಕತ್ತಾಳ್ರಿ."

"ಒಲಿ ಮುಂದ?"

"ಬಿಸಿನೀರಾಗ ಒಗೀತಾಳ್ರಿ."

ಅಷ್ಟರಲ್ಲಿ ಅವನ ಹೆಂಡತಿ ಬೀರವ್ವ, ಮಾತು ಏನೆಂದು ನೋಡಲು, ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಬಾಗಿಲಿಗೆ ಬಂದಳು. ಸರ್ ಕೊರಳಿನ ಕಾರ್ಡು ಕಂಡದ್ದೇ ಕೈ ಹಿಂದಕ್ಕೆ ಮರೆಮಾಡಿದಳು. "ರಂಗೋಲಿ ಹಾಕಾಕತ್ತಿದ್ದೆ ರಿ," ಎಂದಳು. ಗಂಡ ಹೆಂಡತಿಯನ್ನು ನೋಡಿದ, ಹೆಂಡತಿ ಗಂಡನನ್ನು ನೋಡಿದಳು. ಸರ್ ಮಾತ್ರ ಯಾರನ್ನೂ ನೋಡದೆ ಮೊಬೈಲಿನಲ್ಲಿ ಲೆಕ್ಕ ಹಾಕಿಕೊಂಡರು. ವಿಜ್ಞಾನಿಗಳ ಗಮನ ಅಂಕಿಯ ಮೇಲಿರುತ್ತದೆ, ಹಿಟ್ಟಿನ ಮೇಲಲ್ಲ.

ಸುದ್ದಿ ಹಿತ್ತಲ ದಾರಿಯಿಂದ ಸರ್ ಅವರಿಗಿಂತ ಮುಂದೆ ಓಡಿತು. ಎಷ್ಟು ಉಣ್ಣುತ್ತೀರಿ ಎಂದು ಕೇಳುತ್ತಾರೆ, ಕಡಿಮೆ ಹೇಳಿದರೆ ಅಕ್ಕಿ ಕಡಿಮೆ ಮಾಡುತ್ತಾರೆ, ರೊಟ್ಟಿ ತಿನ್ನುತ್ತೇವೆ ಅಂದರೆ ಕಾರ್ಡೇ ಹೋಯಿತು. ಅದರ ಹಿಂದೆಯೇ ಇನ್ನೊಂದು ಗಾಬರಿ ಓಡಿತು. ಓಣಿಯ ಅರ್ಧ ಜನ ರೇಷನ್ ಅಕ್ಕಿಯನ್ನು ಯಾರಿಗೋ ಕೊಟ್ಟು, ಅಂಗಡಿಯ ಸಣ್ಣಕ್ಕಿ ತಂದು ಉಣ್ಣುವವರು. ತೂಗಿ ತೋರಿಸಿ ಅಂದರೆ ದಪ್ಪಕ್ಕಿ ಎಲ್ಲಿಂದ ತರಬೇಕು? ಕಾರ್ಡಿನ ಹೆದರಿಕೆಯಲ್ಲಿ, ಗೋಡೆಯಾಚೆಯ ಮಾತು ಕೇಳಿದ್ದ ನಮಗೂ ಅದು ಮರೆತೇಹೋಯಿತು.

ಆಟೋ ಓಡಿಸುವ ಸಂಜು ಮನೆಯಲ್ಲಿ ಮಾತ್ರ ಸ್ವಲ್ಪ ದಪ್ಪಕ್ಕಿ ಉಳಿದಿತ್ತು. ಅದರಲ್ಲಿ ಹುಳ ಆಗದಿರಲಿ ಎಂದು ಹಾಕಿದ ಒಂದು ಬೇವಿನ ಎಲೆಯೂ ಇತ್ತು. ಸಂಜು ಮನೆಯ ಸೇರಿಗೆ ಹೊಟ್ಟೆಯ ಮೇಲೆ ಒಂದು ತಗ್ಗು. ಸರ್ ಅದನ್ನು ತೂಗಿ ಮುಂಬಾಗಿಲಿನಿಂದ ಹೊರಗೆ ಹೋದ ಕೂಡಲೇ ಅದೇ ಸೇರು, ಅದೇ ಅಕ್ಕಿ, ಅದೇ ಬೇವಿನ ಎಲೆ ಹಿತ್ತಲ ಗೋಡೆ ಹತ್ತಿ ಮುಂದಿನ ಮನೆಗೆ ಇಳಿಯಿತು. ಅಲ್ಲಿಂದ ಅದರ ಮುಂದಿನ ಮನೆಗೆ. ನಮ್ಮ ಮನೆಗೆ ಬಂದಾಗ ಅಕ್ಕಿ ಜನರ ಕೈಶಾಖಕ್ಕೆ ಬೆಚ್ಚಗಾಗಿತ್ತು.

ಸರ್ ತಕ್ಕಡಿಯ ಮೇಲಿಟ್ಟು ನೋಡಿದರು. ಕಣ್ಣು ಅಗಲವಾದವು. "ರಾಚವ್ವಾರ, ಇದ ನೋಡ್ರಿ ಅಚ್ಚರಿ. ಸಂಜುನ ಮನಿಯಿಂದ ಇಲ್ಲೀತನಕಾ ಎಲ್ಲಾರ ಸೇರೂ ಒಂದ ತೂಕಾ. ಒಂದ ಗ್ರಾಂ ಆಚೀಚಿ ಇಲ್ಲ. ಹಿಂದಿನವರು ಎಷ್ಟ ಶ್ಯಾಣ್ಯಾರಿದ್ರ ಅಂತೀನಿ."

"ಹೌದ್ರಿ, ಭಾಳ ಶ್ಯಾಣ್ಯಾರು," ಎಂದಳು ನಮ್ಮವ್ವ ರಾಚವ್ವ, ತಗ್ಗು ಕಾಣದಂತೆ ಸೇರನ್ನು ಮೆಲ್ಲಗೆ ತಿರುಗಿಸುತ್ತ.

"ಬೇವಿನ ಎಲಿನೂ ಎಲ್ಲಾರೂ ಒಂದ ಹಾಕೀರಿ."

"ಪದ್ಧತಿ ರಿ."

"ಒಂದ ಹೊತ್ತಿಗೆ ಎಷ್ಟ ಸೇರ?"

ಅವ್ವ ನನ್ನ ಕಡೆ ಕೈ ಮಾಡಿದಳು. "ಇಂವಾ ಒಬ್ಬನ ಒಂದ ಸೇರ ಉಣತಾನ್ರಿ."

ಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಾಳಿ ಬಂದ ದಿನ ನಾನು ಸೈಕಲ್ ಹತ್ತುವುದಿಲ್ಲ, ತಳ್ಳಿಕೊಂಡು ಹೋಗುತ್ತೇನೆ. ಅಂಥ ಮೈ ನನ್ನದು.

"ಮೈಗೆ ಹತ್ತೂದಿಲ್ ನೋಡ್ರಿ," ಎಂದು ಅವ್ವ ನಿಟ್ಟುಸಿರು ಬಿಟ್ಟಳು.

ಸಂಜೆಗೆ ಸರಾಸರಿ ಸಿದ್ಧವಾಯಿತು. ಅದರ ಪ್ರಕಾರ ತೊಟ್ಟಿಲ ಕಾರ್ಯಕ್ಕೆ ಅರ್ಧ ಕ್ವಿಂಟಲ್ ಅಕ್ಕಿ ಬೇಕು. ಹೋಳಿಗೆ ಊಟದಲ್ಲಿ ಅನ್ನ ಉಣ್ಣುವುದೇ ಎರಡು ತುತ್ತು. ಅಷ್ಟು ಜನಕ್ಕೆ ಅದರ ಅರ್ಧ ಹಾಕಿದರೂ ಮಿಗುತ್ತದೆ. ಅನ್ನಪೂರ್ಣಕ್ಕನಿಗೂ ಹಾಗೆಯೇ ಅನ್ನಿಸಿತು.

"ಭಾಳ ಆತೇನೊ ರಿ."

"ಇದು ನಾ ಹೇಳಿದ್ದಲ್ಲ, ತಕ್ಕಡಿ ಹೇಳಿದ್ದು."

ಕಡಿಮೆ ಬೀಳುವುದಿಲ್ಲವಲ್ಲ, ಅಷ್ಟು ಸಾಕಿತ್ತು ಆಕೆಗೆ. ಅಮೋಘಸಿದ್ದಪ್ಪ ಚೀಲಗಳನ್ನು ನೋಡಿ "ಬೀಗ್ರ ಕಡಿಂದ ಆನಿ ಬರತಾವೇನ್ರಿ?" ಎಂದು ಕೇಳಿ, ಬೇರೆ ಮನೆಯಿಂದ ದೊಡ್ಡ ಹಂಡೆ ತರಲು ಹೋದ.

ಈ ನಡುವೆ ಸಂಜುಗೆ ನಿದ್ದೆ ಬರಲಿಲ್ಲ. ಬೇವಿನ ಎಲೆ ಸರ್ ಅವರ ಕಣ್ಣಿಗೆ ಬಿದ್ದದ್ದು ಅವನ ಎದೆಯಲ್ಲಿ ಕೂತಿತ್ತು. ತಾಲೂಕು ಆಫೀಸಿಗೆ ಫೋನ್ ಮಾಡಿ, ತನ್ನ ಹೆಸರು ಹೇಳದೆ, "ನಮ್ಮ ಓಣ್ಯಾಗ ಅಕ್ಕಿ ತೂಗಿದ್ರಲ್ಲ, ಯಾರ ಕಾರ್ಡ ಹೋದೂ?" ಎಂದು ಕೇಳಿದ. ಅಲ್ಲಿಯವರು ಯಾರನ್ನೂ ಕಳಿಸಿರಲಿಲ್ಲ. ಯಾರೋ ನಕಲಿ ಅಧಿಕಾರಿ ಊರಿನಲ್ಲಿ ತಕ್ಕಡಿ ಹಿಡಿದು ತಿರುಗುತ್ತಿದ್ದಾನೆ ಎಂದು ಅವರಿಗೂ ಗಾಬರಿಯಾಯಿತು.

ತೊಟ್ಟಿಲ ಕಾರ್ಯದ ದಿನ ಸಾಲಹಳ್ಳಿಯಿಂದ ಟೆಂಪೊ ತುಂಬ ಬೀಗರು ಬಂದರು. ಬಾಳವ್ವ ಇಳಿದವರೇ ಮೊಮ್ಮಗನನ್ನು ಎತ್ತಿಕೊಂಡರು, ಆಮೇಲೆ ಪೆಂಡಾಲಿನ ಹಿಂದೆ ಹಂಡೆಗಳ ಕಡೆ ಒಮ್ಮೆ ನೋಡಿದರು. ಅವರು ನೋಡಿದ್ದನ್ನು ಅನ್ನಪೂರ್ಣಕ್ಕ ನೋಡಿದಳು. ಒಳಗೆ ಬೀಗರ ಕಡೆಯ ಹೆಂಗಸರು ತೊಟ್ಟಿಲ ಪದ ಹಾಡಲು ಕೂತರು. ಹೊರಗೆ ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಒಂದು ಬೈ‌ಕು ಬಂದು ನಿಂತಿತು. ಬಗಲಲ್ಲಿ ಫೈಲು ಹಿಡಿದ ಒಬ್ಬರು ಇಳಿದರು. ತಾಲೂಕಿನ ಆಹಾರ ನಿರೀಕ್ಷಕರು, ಹೆಸರು ಮಾಂತೇಶ.

"ಇಲ್ಲಿ ಮನಿ ಮನಿ ತಿರುಗಿ ಅಕ್ಕಿ ತೂಗಿದವರು ಯಾರು?" ಎಂದು ಗಟ್ಟಿಯಾಗಿ ಕೇಳಿದರು.

ಓಣಿಯವರೆಲ್ಲ ಎಲೆಯ ಕಡೆ ಮುಖ ಬಗ್ಗಿಸಿದರು. ಸುಭಾಸ ಸರ್ ಅವರ ಮುಖ ಮಾತ್ರ ಅರಳಿತು. ತಮ್ಮ ಸರಾಸರಿ ಇಷ್ಟು ಬೇಗ ಸರ್ಕಾರದ ಕಿವಿಗೆ ಬಿದ್ದೀತೆಂದು ಅವರು ಎಣಿಸಿರಲಿಲ್ಲ. "ನಾನ ರಿ ಸಾಹೇಬ್ರ. ಎಲ್ಲಾ ತೋರಸ್ತೇನಿ ಬರ್ರಿ. ಮೊದ್ಲ ಊಟಾ ಆಗ್ಲಿ."

"ನಾ ಊಟಕ್ಕ ಬಂದಿಲ್ರಿ, ವಿಚಾರಣಿಗೆ ಬಂದೇನಿ."

"ಉಂಡ ವಿಚಾರಣಿ ಮಾಡ್ರಿ. ತೊಟ್ಲಾ ಕಟ್ಟಿದ ಮನಿ ಮುಂದ ಬಂದ ಉಪಾಸ ಹೋಗಬಾರದು," ಎಂದು ನಾಲ್ಕು ಜನ ಬೀಗರು ಅವರ ರಟ್ಟೆ ಹಿಡಿದರು. ನಮ್ಮ ಕಡೆ ಊಟಕ್ಕೆ ಹಿಡಿದ ಕೈ ಬಿಡಿಸಿಕೊಂಡ ಅಧಿಕಾರಿಯನ್ನು ನಾನಿನ್ನೂ ನೋಡಿಲ್ಲ. ಮಾಂತೇಶ ಸಾಹೇಬರು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಎಲೆಯ ಮುಂದೆ ಕೂತರು. ಆ ಸಾಲಿಗೆ ಎದುರು ಸಾಲು ಓಣಿಯವರದು.

ಬೀರಪ್ಪ ಸಣ್ಣ ದನಿಯಲ್ಲಿ ಹೇಳಿದ. "ಸರ್ ಬರೇ ಕೇಳಿ ಹೋದ್ರು. ಇವರು ಉಣಸಿ ನೋಡಾಕ ಬಂದಾರ."

ಈ ಮಾತು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಎಲ್ಲರ ಬೆನ್ನು ನೆಟ್ಟಗಾಯಿತು. ಬಡಿಸುವವರು ಕಡಕ್ ರೊಟ್ಟಿ ತಂದರು. ಬೀರಪ್ಪ ರೊಟ್ಟಿಯನ್ನು ಎಂದೂ ಕಾಣದವನಂತೆ ತಿರುಗಿಸಿ ಮುರುಗಿಸಿ ನೋಡಿ ಬುಟ್ಟಿಗೇ ಮರಳಿ ಇಟ್ಟ. "ಅನ್ನಾ ತರ್ರಿ," ಎಂದ. ಸಂಜು ಹೋಳಿಗೆಗೂ ಕೈ ಅಡ್ಡ ಹಿಡಿದು "ಅನ್ನಾ ತರ್ರಿ" ಎಂದ. ಹೋಳಿಗೆ ಬೇಡ ಅಂದ ಮನುಷ್ಯನನ್ನು ಅಮೋಘಸಿದ್ದಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ, ಸೌಟು ಹಿಡಿದು ನೋಡಲು ಬಂದ.

ನನ್ನ ಎಲೆಗೆ ಅನ್ನ ಬಿತ್ತು. ಉಂಡೆ. ಮತ್ತೆ ಬಿತ್ತು. ಅವ್ವ ಪಕ್ಕದಿಂದ ತಿವಿದಳು. "ತಮ್ಮಾ, ಒಂದ ಸೇರ ಅಂತ ಹೇಳೇನಿ. ಇನ್ನಾ ಅರ್ಧಾನೂ ಆಗಿಲ್ಲ."

"ಯವ್ವಾ, ಗಂಟಲ ಮಟಾ ಬಂದೈತಿ."

"ಸಾಹೇಬ್ರ ನೋಡಾಕತ್ತಾರ. ಉಣ್ಣು."

ಸಾಹೇಬರು ನಿಜಕ್ಕೂ ನೋಡುತ್ತಿದ್ದರು. ಕಡ್ಡಿಯಂಥ ಮನುಷ್ಯ ಹೀಗೆ ಉಣ್ಣುವುದನ್ನು ಯಾರಾದರೂ ನೋಡುತ್ತಾರೆ. ಅವರು ಆಗಾಗ ತೊಡೆಯ ಮೇಲಿನ ಫೈಲು ಜಾರದಂತೆ ಸರಿಪಡಿಸಿಕೊಳ್ಳುತ್ತಿದ್ದರು. ಫೈಲಿಗೆ ಅವರ ಕೈ ಹೋದಾಗೆಲ್ಲ ಓಣಿಯವರು ಇನ್ನೊಂದು ಸುತ್ತು ಅನ್ನ ಹಾಕಿಸಿಕೊಂಡರು. ಬೀರವ್ವ ಸೊಂಟದ ಡಾಬು ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. ಸಂಜು ಉಣ್ಣುತ್ತ ಉಣ್ಣುತ್ತ ಅಳುತ್ತಿದ್ದ. ಯಾಕೆ ಎಂದು ಕೇಳಿದರೆ ಮೆಣಸಿನಕಾಯಿ ಎಂದ. ಸುಭಾಸ ಸರ್ ಕೈ ಹಿಂದೆ ಕಟ್ಟಿಕೊಂಡು ಸಾಲಿನ ನಡುವೆ ತಿರುಗಾಡುತ್ತ, ಹಂಡೆಯ ಕಡೆಗೊಮ್ಮೆ ಎಲೆಗಳ ಕಡೆಗೊಮ್ಮೆ ನೋಡಿ, ಹೆಂಡತಿಗೆ ಕೇಳುವಂತೆ ಹೇಳಿದರು. "ಲೆಕ್ಕದ ಪ್ರಕಾರನ ಹೊಂಟೈತಿ. ಒಂದ ಗ್ರಾಂ ಫರಕ ಇಲ್ಲ."

ಎರಡನೆಯ ಪಂಕ್ತಿಗೆ ಓಣಿಯ ಉಳಿದ ಅರ್ಧ ಕೂತಿತು. ಅವರೂ ತಾವು ಹೇಳಿದ್ದಕ್ಕೆ ತಪ್ಪಲಿಲ್ಲ.

ಕಡೆಯ ಪಂಕ್ತಿ ಬೀಗರ ಹೆಣ್ಣುಮಕ್ಕಳದು. ಹಾಡು ಮುಗಿಸಿ, ಕೂಸಿಗೆ ಹೆಸರಿಟ್ಟು, ಹಸಿದು ಬಂದು ಕೂತರು. ನಡುವೆ ಬಾಳವ್ವ. ಹೋಳಿಗೆ ಬಂತು, ಪಲ್ಯ ಬಂತು, ಸಾರು ಬಂತು. ಹಿಂದೆ ಅಮೋಘಸಿದ್ದಪ್ಪನ ಸೌಟು ಹಂಡೆಯ ತಳಕ್ಕೆ ಬಡಿದು ಗಂಟೆಯಂತೆ ಸಪ್ಪಳ ಮಾಡಿತು. ಆ ಸಪ್ಪಳ ಎಲ್ಲರಿಗೂ ಕೇಳಿಸಿತು. ಅನ್ನಪೂರ್ಣಕ್ಕ ಖಾಲಿ ಬುಟ್ಟಿ ಹಿಡಿದು ನಿಂತಲ್ಲೇ ನಿಂತಳು. ಎಲೆಯ ಮೇಲೆ ಸಾರು ಮೆಲ್ಲಗೆ ಹೊರಟಿತು. ಬಾಳವ್ವ ಈ ಸಲ ಸೆರಗನ್ನು ಮೊದಲೇ ಮೇಲಕ್ಕೆ ಎಳೆದುಕೊಂಡರು.

ಅದನ್ನು ನೋಡಿ ಅನ್ನಪೂರ್ಣಕ್ಕನ ಕಣ್ಣಲ್ಲಿ ನೀರು ಬಂತು. ನನಗೂ ಹೊಟ್ಟೆಯಲ್ಲಿ ಸಂಕಟವಾಯಿತು. ಅದರಲ್ಲಿ ಎಷ್ಟು ಭಾಗ ದುಃಖ, ಎಷ್ಟು ಭಾಗ ಅನ್ನ ಎಂದು ಹೇಳಲಾರೆ.

ನಳದ ಹತ್ತಿರ ಓಣಿಯವರೆಲ್ಲ ಕೈ ತೊಳೆದು, ಗೋಡೆಗೆ ಒರಗಿ, ಉಸಿರು ಬಿಡುತ್ತ ಕೂತಿದ್ದರು. ಮಾಂತೇಶ ಸಾಹೇಬರು ಅಲ್ಲಿಯೇ ಸರ್ ಅವರನ್ನು ಹಿಡಿದು ನಿಲ್ಲಿಸಿದರು.

"ಈಗ ಹೇಳ್ರಿ. ಯಾವ ಇಲಾಖೆ ಪರವಾಗಿ ಅಕ್ಕಿ ತೂಗಿದ್ರಿ?"

"ಇಲಾಖೆ ಅಲ್ರಿ ಸಾಹೇಬ್ರ. ಬೀಗಿತ್ತಿ ಸಲುವಾಗಿ."

"ಅಂದ್ರ?"

ಹೆಂಡತಿ ಹೇಳಿ ಕಳಿಸಿದ್ದ ಮಾತು ಸರ್ ಅವರಿಗೆ ನೆನಪಾಯಿತೋ ಇಲ್ಲವೋ, ಕಂಗಾಲಾಗಿದ್ದರು. ಎಲ್ಲವನ್ನೂ ಹೇಳಿಬಿಟ್ಟರು. "ಲಗ್ನದಾಗ ಅನ್ನ ಕಡಿಮಿ ಬಿದ್ದಿತ್ರಿ. ನಾ ಸೇರಿಗೆ ಒಂದ ಕಿಲೋ ಅಂತ ಹಿಡದಿದ್ದೆ. ಈ ಸಲ ತಪ್ಪಬಾರದು ಅಂತ ಓಣಿ ಸೇರೆಲ್ಲಾ ತೂಗಿ, ಯಾರ ಎಷ್ಟ ಉಣತಾರ ಕೇಳಿ, ಅಷ್ಟ ಹಾಕಿಸಿದೆ. ಹೇಳಿದಷ್ಟ ಉಂಡ್ರು. ಆದ್ರೂ ಮತ್ತ ಬೀಗಿತ್ತಿನ್ನ ಕೂಡ್ಸಿ ಸಾರ ಅಷ್ಟ ಬಡಸಿದ್ನಲ್ರಿ."

"ಹಂಗಾರ ಇದಕ್ಕೂ ರೇಷನ್ ಕಾರ್ಡಿಗೂ ಸಂಬಂಧ ಇಲ್ಲ?"

"ಕಾರ್ಡ? ಯಾವ ಕಾರ್ಡ ರಿ?"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡಬೇಕೆಂದು ಬೀರಪ್ಪ ಬಾಯಿ ತೆರೆದ, ತೇಗು ಬಂತು.

ಮೊದಲು ಎದ್ದವಳು ನಮ್ಮವ್ವ. ಏಳಲು ಇಬ್ಬರು ಕೈ ಹಿಡಿಯಬೇಕಾಯಿತು. "ಏಳ್ರಿ ಎಲ್ಲಾರೂ. ನಮ್ಮ ಹೊಟ್ಟ್ಯಾಗ ಐತೆಲ್ಲಾ, ಅದು ಬಾಳವ್ವನ ಅನ್ನ," ಎಂದಳು. ಮನೆಗೆ ಹೋಗಿ ಸೇರು ತುಂಬ ಅಕ್ಕಿ ತಂದಳು. ತೋರಿಸುವ ದಪ್ಪಕ್ಕಿ ಅಲ್ಲ, ನಾವು ಉಣ್ಣುವ ಸಣ್ಣಕ್ಕಿ, ಮೇಲೆ ಗುಡ್ಡೆ ನಿಂತಿತ್ತು. ಸಾಹೇಬರ ಮುಂದೆಯೇ ಹಾದುಹೋದಳು. ಆಕೆಯ ಹಿಂದೆ ಬೀರವ್ವ, ಬೀರವ್ವನ ಹಿಂದೆ ಸಂಜುನ ಹೆಂಡತಿ. ನೋಡುತ್ತಿದ್ದಂತೆ ಓಣಿಯ ಎರಡೂ ಬದಿಯ ಬಾಗಿಲುಗಳಿಂದ ಸೇರುಗಳು ಹೊರಟವು. ಹಿತ್ತಾಳೆಯವು, ಕಬ್ಬಿಣದವು, ಕುಳ್ಳನೆಯವು, ಉದ್ದನೆಯವು, ಒಂದಕ್ಕೊಂದು ಹೊಂದುವುದಿಲ್ಲ. ಸರ್ ಅವುಗಳನ್ನು ನೋಡಿ ಬಾಯಿ ತೆರೆದರು.

"ಇವೆಲ್ಲಾ ಬ್ಯಾರೆ ಬ್ಯಾರೆ ಅದಾವಲ್ಲ. ಮೊನ್ನಿ ಎಲ್ಲಾ ಒಂದ ತೂಕಾ ಇದ್ದೂ."

ಹೀಗೆ ಅಂದವರೇ ಒಳಗೆ ಹೋಗಿ ತಕ್ಕಡಿ ಹಿಡಿದು ಬಂದರು. ಅನ್ನಪೂರ್ಣಕ್ಕ ಒಮ್ಮೆ ತಿರುಗಿ ನೋಡಿದಳು. ತಕ್ಕಡಿ ಹಾಗೆಯೇ ಒಳಗೆ ಹೋಯಿತು. ಅಮೋಘಸಿದ್ದಪ್ಪ ಬಂದದ್ದನ್ನೆಲ್ಲ ಅಳೆಯದೆ ಕುದಿಯುವ ಎಸರಿಗೆ ಸುರಿದ.

ಬಾಳವ್ವ ಎಲೆ ಬಿಟ್ಟು ಏಳಲಿಲ್ಲ. "ಕೂಡ್ರಿ, ಅನ್ನಾ ಆಗೂಮಟಾ ಇನ್ನೊಂದೆರಡ ಪದಾ ಹಾಡೂನು," ಎಂದರು. ಅವರು ಕಾಯುತ್ತಾರೆಂದು ಬೀರಪ್ಪ ಮನೆಗೆ ಓಡಿ, ಒಂದು ಬುಟ್ಟಿ ಜೋಳದ ರೊಟ್ಟಿ ತಂದು ಸಾಲಿಗೆ ಬಡಿಸಿದ. ರೊಟ್ಟಿ ಅಂದರೆ ಏನೆಂದು ಗೊತ್ತಿಲ್ಲದ ಮನೆಯ ರೊಟ್ಟಿ. ಸರ್ ಒಂದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಬೀರಪ್ಪಣ್ಣಾ, ಅರಿವಿ ಭಾಳ ಛಲೋ ಒಗದಾಳ ನಿಮ್ಮಾಕಿ," ಎಂದರು. ವಿಜ್ಞಾನಿಗೆ ತಡವಾಗಿಯಾದರೂ ತಿಳಿಯುತ್ತದೆ.

ಹಬೆಯಾಡುವ ಅನ್ನ ಬಾಳವ್ವನವರ ಎಲೆಗೆ ಬಿತ್ತು. ಸಾರು ಅದರ ಸುತ್ತ ನಿಂತಿತು. ಅನ್ನಪೂರ್ಣಕ್ಕ ಬುಟ್ಟಿ ಹಿಡಿದು ಎದುರಿಗೇ ನಿಂತಿದ್ದಳು. ಅವರು ಕೈ ತೊಳೆದ ಮೇಲೆ, ಇಷ್ಟು ದಿನ ಕೇಳಿಸಿಕೊಂಡ ಪ್ರಶ್ನೆಯನ್ನು ಈ ಸಲ ತಾನೇ ಕೇಳಿದಳು. "ಉಂಡ್ರೇನ್ರಿ ಅಕ್ಕಾರ?"

"ಉಂಡೆ," ಎಂದರು ಬಾಳವ್ವ. "ಲಗ್ನದ ದಿನ ನಿಮ್ಮ ಮನಿ ಅನ್ನ ಕಡಿಮಿ ಬಿದ್ದಿತ್ತು. ಇವತ್ತ ಇಡೀ ಓಣಿ ನನಗ ಅಡಗಿ ಮಾಡಿ ಹಾಕೈತಿ. ನನ್ನ ಸ್ವಾಸಿ ಎಂಥಾ ಓಣ್ಯಾಗ ಬೆಳದಾಳ ಅಂತ ನೋಡಿದೆ. ಕೂಸಿನ್ನ ಕರಕೊಂಡ ಲಗೂನ ಬರ್ರಿ."

ಮಾಂತೇಶ ಸಾಹೇಬರು ಫೈಲು ಬಗಲಿಗಿಟ್ಟು ಬೈಕು ಹತ್ತಿದರು. ಹೋಗುವಾಗ ನನ್ನನ್ನು ಹತ್ತಿರ ಕರೆದು "ಒಮ್ಮೆ ಡಾಕ್ಟರಿಗೆ ತೋರ್ಸಿಕೊಳ್ರಿ" ಎಂದರು.

ಎರಡನೆಯ ಸಲ ಮಾಡಿದ ಅನ್ನ ಬೆಟ್ಟದಷ್ಟು ಉಳಿಯಿತು. ಮರುದಿನ ಇಡೀ ಓಣಿ ಒಗ್ಗರಣೆ ಹಾಕಿದ ಅನ್ನ ಉಂಡಿತು. ಆ ಬೆಳಿಗ್ಗೆ ಯಾವ ಮನೆಯಲ್ಲೂ ಪಟಪಟ ಸಪ್ಪಳ ಕೇಳಲಿಲ್ಲ. ಸರ್ ಅವರ ತಕ್ಕಡಿಯ ಸ್ಟೀಲಿನ ತಟ್ಟೆಯನ್ನು ಅನ್ನಪೂರ್ಣಕ್ಕ ತೆಗೆದು ಮಠದ ಅಕ್ಕಿಯ ಗಡಿಗೆಗೆ ಮುಚ್ಚಳ ಮಾಡಿದಳು. ಅಳತೆ ಹೇಳಿ ಮಾಡಿಸಿದಂತೆ ಕೂತಿತು.

ಮೀನಾಳನ್ನೂ ಕೂಸನ್ನೂ ಕರೆದುಕೊಂಡು ಸರ್ ಮತ್ತು ಅನ್ನಪೂರ್ಣಕ್ಕ ಸಾಲಹಳ್ಳಿಗೆ ಹೊರಟ ದಿನ ನಾವೆಲ್ಲ ಬಸ್ ನಿಲ್ದಾಣದವರೆಗೆ ಹೋದೆವು. ಅನ್ನಪೂರ್ಣಕ್ಕ ಹಸಿರು ಸೀರೆ ಉಟ್ಟು, ಮೊಮ್ಮಗನನ್ನು ಎದೆಗೆ ಅಪ್ಪಿಕೊಂಡು, ಬಸ್ಸು ಬರುವ ಮೊದಲೇ ಹತ್ತಲು ಸಿದ್ಧಳಾಗಿ ನಿಂತಿದ್ದಳು. ಆಗ ಬಾಳವ್ವನವರ ಫೋನ್ ಬಂತು. ಸ್ಪೀಕರಿನಲ್ಲಿತ್ತು, ಎಲ್ಲರೂ ಕೇಳಿದೆವು.

"ಅಕ್ಕಾರ, ನೀವ ಬರಾಕತ್ತೀರೊ, ನಿಮ್ಮ ಓಣಿ ಬರಾಕತ್ತೈತೊ? ಮೊದ್ಲ ಹೇಳ್ರಿ. ಓಣಿ ಆದ್ರ ನಮ್ಮ ಕಣಜ ತಾಳೂದಿಲ್ಲ."

ನಮ್ಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅನ್ನಪೂರ್ಣಕ್ಕನೂ ನಕ್ಕಳು, ಮಗಳ ಮದುವೆಯಾದಾಗಿನಿಂದ ಆ ಫೋನಿಗೆ ಆಕೆ ನಕ್ಕದ್ದು ಅದೇ ಮೊದಲು. "ನಾವ ಮೂರ ಮಂದಿ ಅಷ್ಟ ರಿ, ಮತ್ತೊಂದ ಕೂಸು," ಎಂದಳು.

"ಹಂಗಾರ ಒಂದ ಸೇರ ಅಕ್ಕಿ ಹಾಕಸ್ತೇನಿ," ಎಂದರು ಬಾಳವ್ವ.

ಸುಭಾಸ ಸರ್ ಫೋನಿನ ಕಡೆ ಬಗ್ಗಿದರು. "ಗುಡ್ಡಿ ನಿಲ್ಲಿಸೋ, ಸವರಿಯೋ?"

ಅನ್ನಪೂರ್ಣಕ್ಕ ಫೋನ್ ಬಂದ್ ಮಾಡಿ ಬಸ್ ಹತ್ತಿದಳು.